ಅವ್ವ ಕೂತರೆ ಆಗುತ್ತಿದ್ದ ಸದ್ದು

ನಮ್ಮ ಅವ್ವ ಕೂತರೆ ಸದ್ದಾಗುತ್ತಿತ್ತು. ಒಣಗಿದ ಎಲೆಗಳ ಮೇಲೆ ಬೆಕ್ಕು ಕಾಲಿಟ್ಟಂಥ ಸಣ್ಣ ಚರಚರ ಸದ್ದು. ಅದು ಅವಳ ಕೌದಿಯದು. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಹೊದಿಕೆಗೆ ನಮ್ಮ ಕಡೆ ಕೌದಿ ಎನ್ನುತ್ತಾರೆ. ಹೊದೆಯಲು, ಹಾಸಲು ಅದು ಎಲ್ಲರ ಮನೆಯಲ್ಲೂ ಇರುತ್ತದೆ. ಅವ್ವನ ಹತ್ತಿರ ಮಾತ್ರ ಇನ್ನೊಂದು ಸಣ್ಣ ಕೌದಿ ಇತ್ತು. ಒಬ್ಬರು ಕೂರುವಷ್ಟೇ ಅಗಲ, ಬೆರಳು ದಪ್ಪ. ಮದುವೆಗೆ ಹೋಗಲಿ, ಶ್ರಾವಣದ ಪ್ರವಚನಕ್ಕೆ ಹೋಗಲಿ, ಬಸ್ಸು ಹತ್ತಲಿ, ಅದನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದಳು. ಎಲ್ಲರೂ ಜಮಖಾನೆಯ ನಡುವೆ ಕೂತರೆ ಅವ್ವ ಬಾಗಿಲ ಹತ್ತಿರ ತನ್ನ ಕೌದಿ ಹಾಸಿಕೊಂಡು ಕೂರುತ್ತಿದ್ದಳು.

ಜನ ಅದಕ್ಕೆ ತಮ್ಮ ತಮ್ಮ ಅರ್ಥ ಹಚ್ಚುತ್ತಿದ್ದರು. ಕೆಲವರು ಮಡಿ ಎಂದರು. ಕೆಲವರು ಸೊಕ್ಕು ಎಂದರು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಚಿಟಗುಪ್ಪದವರು, ಬಾಯಿ ಸ್ವಲ್ಪ ಜೋರು. ಅವರು ಅದಕ್ಕೆ ‘ಅತ್ತಿಯವರ ಸಿಂಹಾಸನ’ ಎಂದು ಹೆಸರಿಟ್ಟಿದ್ದರು. ಅವ್ವ ನಗುತ್ತಿದ್ದಳು.

ನಾನು ಬರೆಯಲು ಕೂತದ್ದು ನನ್ನ ಕಾಯಿಲೆಯ ಬಗ್ಗೆ. ಕೆಮ್ಮಿದರೆ, ಸೀನಿದರೆ, ನಕ್ಕರೆ ನನ್ನ ಕೈಮೀರಿ ಮೂತ್ರ ಜಾರುವ ಕಾಯಿಲೆ. ಇದನ್ನು ಓದುವ ಹೆಂಗಸರಲ್ಲಿ ಎಷ್ಟೋ ಜನ ಈಗ ಕಾಲು ಒತ್ತಿಕೊಂಡು ಕೂತಿರುತ್ತೀರಿ ಎಂದು ನನಗೆ ಗೊತ್ತು. ಆದರೆ ಎಲ್ಲಿಂದ ಹೇಳಲು ಹೊರಟರೂ ಮಾತು ಆ ಕೌದಿಯಿಂದಲೇ ಶುರುವಾಗುತ್ತದೆ.

ನಾನು ಬೆಳೆದದ್ದು ಹುಮನಾಬಾದಿನಲ್ಲಿ, ಕೊಟ್ಟದ್ದು ಬಸವಕಲ್ಯಾಣಕ್ಕೆ. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕ್ಲಾಸಿನ ನಡುವೆ ಒಂದಕ್ಕೆ ಹೋಗಬೇಕೆಂದರೆ ಎದ್ದು ನಿಂತು, ಕೈ ಎತ್ತಿ, ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳಬೇಕಿತ್ತು. ತಪ್ಪಿದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗರು ನಗುತ್ತಿದ್ದರು. ನಾನು ಎಂದೂ ಎದ್ದು ನಿಲ್ಲಲಿಲ್ಲ. ಬೆಳಗಿನ ಪ್ರಾರ್ಥನೆಯಿಂದ ಸಂಜೆ ಮನೆ ಸೇರುವವರೆಗೆ ಹಿಡಿದುಕೊಂಡೇ ಇರುತ್ತಿದ್ದೆ. ನೀರಿನ ಬಾಟಲಿ ತುಂಬಿ ಹೋದದ್ದು ತುಂಬಿಯೇ ವಾಪಸು ಬರುತ್ತಿತ್ತು. ಒಮ್ಮೆ ಸಿಸ್ಟರ್ ಅವ್ವನನ್ನು ಕರೆಸಿ, ನಿಮ್ಮ ಮಗಳು ಬಹಳ ಶಾಂತ, ಕೂತ ಜಾಗದಿಂದ ಅಲುಗುವುದಿಲ್ಲ ಎಂದು ಹೊಗಳಿದರು. ಅವ್ವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ ಕೇಳಿದಳು, “ಅಷ್ಟ ಹೊತ್ತು ಹ್ಯಾಂಗ ಕುಂದ್ರತಿ ನೀನು?” ಅದು ಹೊಗಳಿಕೆ ಎಂದುಕೊಂಡೆ. ಈಗ ಆ ಮುಖ ನೆನಪಾದರೆ ಅದರಲ್ಲಿ ಹೊಟ್ಟೆಕಿಚ್ಚಿತ್ತೇನೋ ಅನ್ನಿಸುತ್ತದೆ, ಬಾಯಾರಿದವರು ಇನ್ನೊಬ್ಬರ ತಂಬಿಗೆ ನೋಡುವ ಹಾಗೆ.

ಎರಡನೇ ಹೆರಿಗೆಯ ನಂತರ ನನಗೆ ಹನಿ ಜಾರಲು ಶುರುವಾಯಿತು. ಮೊದಲು ಸೀನಿದಾಗ. ಆಮೇಲೆ ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಕೆಮ್ಮಿದಾಗ. ಆಮೇಲೆ ತುಂಬಿದ ಕೊಡ ಎತ್ತಿದಾಗ. ಹೆತ್ತವರಿಗೆಲ್ಲ ಇದು ಇರುವುದೇ ಎಂದುಕೊಂಡು ಹಳೆಯ ಹತ್ತಿ ಬಟ್ಟೆ ಮಡಚಿ ಇಟ್ಟುಕೊಳ್ಳತೊಡಗಿದೆ. ನೀರು ಕಡಿಮೆ ಮಾಡಿದೆ. ತಿಳಿಬಣ್ಣದ ಸೀರೆಗಳು ಒಂದೊಂದಾಗಿ ಟ್ರಂಕಿನ ತಳ ಸೇರಿದವು. ಚಪ್ಪಲಿ ಹಾಕಿಕೊಳ್ಳುವ ಮೊದಲು, ಬರಲಿ ಬಿಡಲಿ, ಒಂದು ಸಲ ಬಚ್ಚಲಿಗೆ ಹೋಗಿಬರುವುದು ಅಭ್ಯಾಸವಾಯಿತು. ತವರಿಗೆ ಹೋಗುವಾಗ ಬಸ್ಸು ಹುಮನಾಬಾದು ಸೇರುವವರೆಗೂ ಕಿಟಕಿಯ ಹೊರಗೆ ಏನನ್ನೂ ನೋಡುತ್ತಿರಲಿಲ್ಲ. ಎಲ್ಲ ಗಮನ ನನ್ನ ಸೊಂಟದ ಕೆಳಗೇ ಇರುತ್ತಿತ್ತು.

ನಮ್ಮ ಮನೆಯವರ ಮೋಟರ್‌ಸೈಕಲ್ಲಿನ ಹಿಂದೆ ಕೂತರೆ ರಸ್ತೆಗೆ ಅಡ್ಡ ಹಾಕಿದ ಒಂದೊಂದು ಹಂಪಿಗೂ ಜೀವ ಬಾಯಿಗೆ ಬರುತ್ತಿತ್ತು.

“ಜರಾ ಹಳೂ ಹೋಗ್ರಿ,” ಎಂದೆ ಒಮ್ಮೆ.

“ಇದಕ್ಕಿಂತ ಹಳೂ ಹೋದ್ರ ಎತ್ತಿನ ಬಂಡಿ ನಮಗ ಹಾರನ್ ಹೊಡೀತದ.”

ಅವರ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಮಾತು ಸಲೀಸಾಗಿ ಬಂತು. ಬೆನ್ನಿಗೆ ಹೇಳಿದೆ, “ಹಂಪ್ ಹಾರಿದ್ರ ನನಗ ಒಂದಕ್ಕ ಆಗ್ತದ್ರಿ.”

ಮುಂದಿನ ಹಂಪಿನ ಹತ್ತಿರ ಗಾಡಿ ಬಹುತೇಕ ನಿಂತೇಬಿಟ್ಟಿತು. ದಾಟುವ ಮೊದಲು ಎಡಗೈ ಸ್ವಲ್ಪ ಮೇಲೆತ್ತಿ ನನಗೆ ಸನ್ನೆ ಮಾಡಿದರು. ಅಂದಿನಿಂದ ಇಂದಿನವರೆಗೂ ಪ್ರತಿ ಹಂಪಿಗೂ ಆ ಕೈ ಏಳುತ್ತದೆ. ಕೆಲವು ದಿನ ಕಳೆದು ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತ, “ದವಾಖಾನಿಗೆ ಹೋಗೋಣೇನು?” ಎಂದು ಕೇಳಿದರು. “ಇದಕ್ಕೇನ್ ದವಾಖಾನಿ,” ಎಂದು ಸಾರು ಬಡಿಸಿದೆ.

ಅಣ್ಣನ ಮಗಳು ಪಲ್ಲವಿಯ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೆಂಗಸರೆಲ್ಲ ಸೇರಿ ನಗುವ ದಿನ. ಹುಮನಾಬಾದಿನ ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಆರತಿ ಮುಗಿದ ಮೇಲೆ ಒಡಪು ಶುರುವಾಯಿತು. ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳಬೇಕು, ಹೇಳದವರನ್ನು ಬಿಡುವುದಿಲ್ಲ. ನಾನು ಆ ದಿನ ಬೆಳಗಿನಿಂದ ಚಹಾ ಸಹ ಕುಡಿದಿರಲಿಲ್ಲ. ಧೈರ್ಯ ಮಾಡಿ ನಡುವೆ ಕೂತಿದ್ದೆ. ವೈನಿಯ ಸರದಿ ಬಂತು. ಸೆರಗು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತ ಅಣ್ಣನ ಕಡೆ ಒಮ್ಮೆ ನೋಡಿ ಹೇಳಿದರು:

“ಚಿಟಗುಪ್ಪಿ ಸಂತ್ಯಾಗ ತಂದೀನಿ ಬದನಿಕಾಯಿ, ಬಸವರಾಜಪ್ಪಗ ನಿದ್ದಿ ಬಂದ್ರ ತೆರೀತದ ಬಾಯಿ.”

ಮನೆ ಹಾರಿಹೋಗುವಂತೆ ನಕ್ಕರು. ಅಣ್ಣ ಬಾಯಿ ಮುಚ್ಚಿಕೊಂಡು ಓಡಿದ. ನಾನೂ ನಕ್ಕೆ. ತಡೆಯಲು ಆಗಲಿಲ್ಲ. ಈ ಸಲ ಹನಿಯಲ್ಲ, ಪೂರ್ತಿ ಹೋಯಿತು. ರೇಷ್ಮೆ ಸೀರೆಯೊಳಗೆ ಬೆಚ್ಚಗಾಗಿ, ಮರುಕ್ಷಣ ತಣ್ಣಗಾಯಿತು. ಎಲ್ಲರೂ ಇನ್ನೂ ನಗುತ್ತಿದ್ದರು, ನಾನೂ ಹಲ್ಲು ಕಾಣುವಂತೆ ಮುಖ ಹಿಡಿದುಕೊಂಡೇ ಇದ್ದೆ. ಎದ್ದರೆ ಜಮಖಾನೆಯ ಮೇಲೆ ಕಾಣುತ್ತದೆ. ಕೂತರೆ ಪಕ್ಕದವರ ಸೀರೆಗೆ ಹರಿಯುತ್ತದೆ.

ಚರಚರ ಸದ್ದು ಕೇಳಿಸಿತು. ಬಾಗಿಲ ಹತ್ತಿರ ಕೂತಿದ್ದ ಅವ್ವ ಎದ್ದಿದ್ದಳು. ಹೆಂಗಸರ ಮೊಣಕಾಲು ದಾಟಿಕೊಂಡು ನನ್ನ ಹತ್ತಿರ ಬಂದು, “ಶೈಲಾ, ಒಳಗ ಹಾಲ್ ಉಕ್ಕಾಕತ್ತದ, ಹೋಗು,” ಎಂದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ನಾನು ಏಳುತ್ತಿದ್ದ ಹಾಗೆ ಆ ಜಾಗದ ಮೇಲೆ ತನ್ನ ಕೌದಿ ಹಾಸಿ, ಅದರ ಮೇಲೆ ಕೂತುಬಿಟ್ಟಳು.

“ಬಂತು ನೋಡ್ರಿ ಸಿಂಹಾಸನ, ನಟ್ಟನಡುವ ಬಂತು,” ಎಂದರು ವೈನಿ. ಮತ್ತೆ ನಗೆ.

“ಒಡಪು ದೂರ ಕುಂತ್ರ ಕೇಳಸವಲ್ದು ನನಗ,” ಎಂದಳು ಅವ್ವ.

ಒಳಗೆ ಸೀರೆ ಬದಲಿಸಿ, ಕೋಣೆಯ ಮೂಲೆಯಲ್ಲಿ ಗೋಡೆ ಹಿಡಿದು ನಿಂತಿದ್ದೆ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವ್ವ ಬಂದಳು. ಬಾಗಿಲು ಮುಂದೆ ಮಾಡಿ, ಮಡಚಿದ ಕೌದಿಯನ್ನು ಹೊಟ್ಟೆಗೆ ಅವುಚಿಕೊಂಡು ಕೇಳಿದಳು.

“ಯಾವಾಗಿಂದ?”

“ಸಣ್ಣವ ಹುಟ್ಟಿದಾಗಿಂದ. ನಿನಗ ಹ್ಯಾಂಗ ಗೊತ್ತಾತು?”

“ನಗೋದು ನಿಲ್ಲಿಸಿದಿ ನೋಡು, ಆದ್ರ ಮುಖ ನಗಾಕತ್ತಿತ್ತು. ನಂದೂ ಹಂಗೇ ಆಗ್ತದ.”

ನಾನು ಕೌದಿ ನೋಡಿದೆ. ಅವ್ವ ಅದನ್ನು ಒತ್ತಿ ತೋರಿಸಿದಳು. ಎರಡು ಪದರದ ನಡುವೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ಹೊಲಿದಿದ್ದಳು. ಇಷ್ಟು ವರ್ಷ ನಾವು ಕೇಳಿದ ಸದ್ದು ಅದು.

“ನೀ ಹುಟ್ಟಿದಾಗಿಂದ,” ಎಂದಳು. “ನಿರ್ಣಾ ಊರಾಗ, ನಿಮ್ಮ ಅಜ್ಜಿ ಮನ್ಯಾಗ. ನಿನ್ನ ತೆಲಿ ಕುಂಬಳಕಾಯಿ ಹಂಗಿತ್ತು. ಎದ್ದು ಜಲ್ದಿ ನೀರ ಹೊತ್ತೆ, ಅದಕ್ಕ ಮೈ ಕೆಳಗ ಬಂತು. ಈಗ ಕುಂತ್ರ ಮುಟ್ತದ, ಒಳಗ ನೂಕಿ ಕುಂದ್ರತೀನಿ.” ಹುಣಸೆಹಣ್ಣಿನ ರೇಟು ಹೇಳುವಷ್ಟು ಸಹಜವಾಗಿ ಹೇಳಿದಳು.

“ಅಪ್ಪಗ?”

“ಅವರಿಗ್ಯಾಕ ಹೇಳ್ಲಿ? ಅವರು ಹೋಗೋತನಕ ಗೊತ್ತಾಗಗೊಡಲಿಲ್ಲ.” ಆ ಮಾತಿನಲ್ಲಿ ಗೆದ್ದವರ ಸಮಾಧಾನವಿತ್ತು. ಆಮೇಲೆ ನನ್ನ ಕೆನ್ನೆ ಒರೆಸಿ, ಅಡುಗೆ ಕಲಿಸುವಂತೆ ಒಂದೊಂದೇ ಕಲಿಸಿದಳು: ನೀರು ಗುಟುಕು ಗುಟುಕಾಗಿ ಕುಡಿ, ಬೇಸಿಗೆಯಲ್ಲೂ. ಬಾಗಿಲ ಹತ್ತಿರ ಕುಂದ್ರು. ಬಿಳಿ ಉಡಬೇಡ. ಯಾರಿಗೂ ಹೇಳಬೇಡ. “ನಿನಗೂ ಒಂದು ಹೊಲಿದು ಕೊಡ್ತೀನಿ ತಗೋ.”

ಹೇಳಿದಂತೆ ಮುಂದಿನ ತಿಂಗಳು ಅಣ್ಣನ ಕೈಯಲ್ಲಿ ಕಳಿಸಿದಳು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಡಬ್ಬಿ, ಅದರ ಕೆಳಗೆ ಸಣ್ಣ ಕೌದಿ. ನನ್ನ ಕಾನ್ವೆಂಟಿನ ನೀಲಿ ಯೂನಿಫಾರ್ಮಿನ ತುಂಡುಗಳು ನಡುವೆ, ಸುತ್ತಲೂ ಅವ್ವನ ಹಳೆಯ ಇಳಕಲ್ ಸೀರೆಯ ಅಂಚು. ಇಷ್ಟು ವರ್ಷ ಆ ಯೂನಿಫಾರ್ಮನ್ನು ಎಲ್ಲಿಟ್ಟಿದ್ದಳೋ. ಹೊಲಿಗೆ ಇರುವೆ ಸಾಲಿನಷ್ಟು ಸಣ್ಣದು, ಒಂದೂ ಸೊಟ್ಟಗಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ನೆಲಕ್ಕೆ ಹಾಸಿ ಕೂತೆ.

ಚರ್ ಎಂದಿತು.

ಅವ್ವ ಬಂದಳು ಅನ್ನುವ ಸದ್ದು ಅದು, ಹುಟ್ಟಿದಾಗಿನಿಂದ ಕೇಳಿದ್ದು. ಈಗ ನನ್ನ ಕೆಳಗಿನಿಂದ ಬಂದಿತ್ತು. ಅಷ್ಟು ಪ್ರೀತಿಯಿಂದ ಹೊಲಿದ ವಸ್ತುವಿನ ಮೇಲೆ ಕೂತು ನಾನು ಅಷ್ಟು ಅತ್ತದ್ದು ಅದೇ ಮೊದಲು. ಸಂಜೆ ನಮ್ಮ ಮನೆಯವರು ಬಂದ ಕೂಡಲೇ, “ದವಾಖಾನಿಗೆ ಹೋಗೋಣ್ರಿ,” ಎಂದೆ. ಯಾಕೆ ಎಂದು ಕೇಳದೆ ಅವರು ಅಂಗಡಿಗೆ ಒಂದು ದಿನ ರಜೆ ಹೇಳಿದರು.

ಬೀದರಿನ ಆ ಆಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ಕೂತವರೆಲ್ಲ ಬಸುರಿಯರು. ಗೋಡೆಯ ಮೇಲೆ ಬೊಚ್ಚು ಬಾಯಿ ಬಿಟ್ಟು ನಗುವ ಕೂಸಿನ ಚಿತ್ರ, ಅದರ ಒಂದು ಮೂಲೆ ಕಿತ್ತು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಪಕ್ಕದಲ್ಲಿ ಸೊಸೆಯನ್ನು ಕರೆತಂದಿದ್ದ ಹುಲಸೂರಿನ ಮುದುಕಿ ನನ್ನ ಹೊಟ್ಟೆ ನೋಡಿ, “ಯಾವ ತಿಂಗಳಾಗ ಅದ ತಂಗಿ?” ಎಂದಳು. ಬಸುರಿ ಅಲ್ಲ ಎಂದೆ. “ಮತ್ತ್ಯಾಕ ಬಂದಿ?” ಎಂದು ನೇರವಾಗಿ ಕೇಳಿದಳು. ನಾನು ಹೊಟ್ಟೆನೋವು ಎಂದೆ.

ಅಷ್ಟರಲ್ಲಿ ನರ್ಸಮ್ಮ ಬಂದು ಸ್ಕ್ಯಾನ್ ಮಾಡಬೇಕು, ಬಾಟಲಿ ತುಂಬ ನೀರು ಕುಡಿದು, ತಡೆಯಲಾರದಷ್ಟಾದಾಗ ಹೇಳಿ ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವರ್ಷಗಟ್ಟಲೆ ನಾನು ಯಾವುದರಿಂದ ಓಡುತ್ತಿದ್ದೆನೋ ಅದನ್ನೇ ಕೈಗೆ ಕೊಟ್ಟು ಕುಡಿ ಎಂದಿದ್ದರು. ಕುಡಿದು, ಕಾಲಿನ ಮೇಲೆ ಕಾಲು ಹಾಕಿ, ಉಸಿರು ಬಿಗಿಹಿಡಿದು ಕೂತೆ. ಮುದುಕಿ ನನ್ನ ಕಾಲು ನೋಡಿದಳು, ಮುಖ ನೋಡಿದಳು. ಆಮೇಲೆ ತನ್ನ ಚೀಲದಿಂದ ಒಂದು ಹಳೆಯ ಟವಲು ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಆಪರೇಷನ್ ಸದ್ಯಕ್ಕೆ ಬೇಡ, ಕೆಳಗಿನ ಸ್ನಾಯುಗಳು ಸೋತಿವೆ, ಅವಕ್ಕೆ ಮತ್ತೆ ಕೆಲಸ ಕಲಿಸಬೇಕು ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಫರ್ಹಾನಾ ಎಂಬ ಫಿಸಿಯೋಥೆರಪಿಯ ಹುಡುಗಿ ಇದ್ದಳು. ನನ್ನ ಶಾಲೆಯ ಕತೆಯನ್ನೆಲ್ಲ ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

“ಅಕ್ಕಾ, ನೀವು ಬಹಳ ಚಲೋ ಹುಡುಗಿ ಆಗಿದ್ರಿ. ಅದೇ ತಕಲೀಫ್ ಆಗ್ಯಾದ,” ಎಂದಳು. ಆಮೇಲೆ, “ಮೊದಲ ನೀರು ಕುಡೀರಿ. ಕಡಿಮಿ ಕುಡಿದ್ರ ಅದು ಇನ್ನಾ ಸಿಟ್ಟಿಗೇಳ್ತದ. ಮತ್ತ ಮನಿ ಬಿಡೋಮುಂದ ಸುಮ್‌ಸುಮ್ಮನ ಹೋಗೋದು ಬಂದ್.”

ಬಿಗಿಹಿಡಿಯುವುದು, ನಿಧಾನ ಬಿಡುವುದು. ಕೇಳಲು ಇಷ್ಟೇ. ಮಾಡಲು ಹೋದರೆ ಹೊಟ್ಟೆ ಬಿಗಿಯುತ್ತದೆ, ತೊಡೆ ಬಿಗಿಯುತ್ತದೆ, ಹಲ್ಲು ಸಹ ಬಿಗಿಯುತ್ತದೆ, ಬಿಗಿಯಬೇಕಾದದ್ದು ಮಾತ್ರ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ವಾರಗಟ್ಟಲೆ ಸಿಗಲಿಲ್ಲ. ಸಿಕ್ಕಿದ್ದು ರೊಟ್ಟಿ ಬಡಿಯುವಾಗ. ಜೋಳದ ರೊಟ್ಟಿ ಹಂಚಿಗೆ ಬಿದ್ದಾಗ ಬಿಗಿಹಿಡಿಯುವುದು, ನೀರು ಸವರಿ ತಿರುವಿ ಹಾಕಿದಾಗ ಬಿಡುವುದು. ಕೈಗೆ ತಾಳ ಇದ್ದುದರಿಂದಲೋ ಏನೋ, ಒಳಗೆ ಎಲ್ಲೋ ಒಂದು ಸಣ್ಣ ಬಾಗಿಲು ಮುಚ್ಚಿದ ಹಾಗೆ ಗೊತ್ತಾಯಿತು. ಆಮೇಲೆ ದಿನವೂ ಹಾಗೆಯೇ. ಮಕ್ಕಳು “ಮಮ್ಮಿ, ರೊಟ್ಟಿ ಜೊತಿ ಏನ್ ಮಾತಾಡಾಕತ್ತಿ?” ಎಂದು ಚೇಷ್ಟೆ ಮಾಡುತ್ತಿದ್ದರು. ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಒಗ್ಗರಣೆ ಘಾಟಿಗೆ ಒಂದರ ಹಿಂದೆ ಒಂದು ಸೀನಿದೆ. ಏನೂ ಆಗಲಿಲ್ಲ. ಸೌಟು ಹಿಡಿದುಕೊಂಡೇ ನಿಂತೆ. ಸಂತೋಷಕ್ಕಿಂತ ಮೊದಲು ಬಂದದ್ದು ಅವ್ವನ ನೆನಪು.

ಅವ್ವನಿಗೂ ಇದಾಗಬಹುದಿತ್ತಲ್ಲ. ನನ್ನದಕ್ಕಿಂತ ಅವಳದು ಬಹಳ ಮುಂದೆ ಹೋಗಿತ್ತು, ಗರ್ಭಕೋಶವೇ ಜಾರಿತ್ತು. ಆದರೂ ದಾರಿ ಇದೆ ಎಂದು ಡಾಕ್ಟರಮ್ಮ ಹೇಳಿದ್ದರು. ಒಳಗೆ ಕೂರಿಸುವ ಉಂಗುರವಿದೆ, ಆಪರೇಷನ್ ಇದೆ, ಮೊದಲು ಕರೆತನ್ನಿ, ತಡಮಾಡಬೇಡಿ ಎಂದಿದ್ದರು. ಆಗ ಪಲ್ಲವಿ ಹೆತ್ತು ತವರಿನಲ್ಲಿಯೇ ಇದ್ದಳು. ನಾನು ಬಾಣಂತಿ ನೋಡುವ ನೆಪದಲ್ಲಿ ಮೇಲಿಂದ ಮೇಲೆ ಹುಮನಾಬಾದಿಗೆ ಹೋಗತೊಡಗಿದೆ. ಹೋದಾಗಲೆಲ್ಲ ಅದೇ ಮಾತು.

“ಮೊಮ್ಮಗಳ ವಯಸ್ಸಿನ ಡಾಕ್ಟರ್ ಮುಂದ ಸೀರಿ ಎತ್ಲೇನು?” ಎನ್ನುತ್ತಿದ್ದಳು.

“ಅವರು ದಿನಾ ನೋಡ್ತಾರವ್ವ.”

“ಅವರು ನೋಡ್ತಾರ. ನಾ ದಿನಾ ತೋರಸ್ತೀನೇನು?”

ಇನ್ನೊಂದು ಷರತ್ತಿತ್ತು. ಅಣ್ಣನಿಗೆ, ವೈನಿಗೆ ತಿಳಿಯಬಾರದು. ತಿಳಿಸಿದರೆ ನನ್ನ ಮುಖ ನೋಡುವುದಿಲ್ಲ ಎಂದಿದ್ದಳು. ಹಾಗಾಗಿ ಅಣ್ಣನ ಕಾರಿನಲ್ಲಿ ಒಂದು ತಾಸಿನ ದಾರಿಯಾಗಿದ್ದ ಬೀದರು ನಮ್ಮಿಬ್ಬರಿಗೆ ಬಹಳ ದೂರದ ಊರಾಯಿತು. ಬಾಣಂತನ ಮುಗಿಯಲಿ ಎಂದಳು. ಬಾಣಂತಿಗೆ ಎರೆಯುವ ನೀರಿನ ತಾಮ್ರದ ಹಂಡೆಯಿಂದ ಕೊಡಕ್ಕೆ ತುಂಬಿ ಎತ್ತುತ್ತಿದ್ದವಳು ಅವಳೇ. ಎತ್ತುವ ಮೊದಲು ಒಂದು ಕೈಯಿಂದ ಸೀರೆಯ ಮೇಲಿನಿಂದಲೇ ಕೆಳಗೆ ಒತ್ತಿಕೊಳ್ಳುತ್ತಿದ್ದಳು. ಆ ಕೈ ನಾನು ಮೊದಲೂ ನೋಡಿದ್ದೆ, ನೆರಿಗೆ ಸರಿಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಒಂದು ದಿನ ಪಲ್ಲವಿ ನೀರು ಕೇಳಿದಾಗ ಅವ್ವ, ಬಾಣಂತಿಗೆ ಅಷ್ಟು ನೀರು ಕೂಡದು, ಹೊಟ್ಟೆ ಬರುತ್ತದೆ ಎಂದು ಅರ್ಧ ಲೋಟ ಕೊಟ್ಟಳು. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ. ನನಗೂ ಅವ್ವ ಹೀಗೆಯೇ ಅಳೆದು ಕೊಟ್ಟಿದ್ದಳು.

“ಅವ್ವ, ಅಕಿಗೆ ತಂಬಗಿ ತುಂಬ ಕೊಡು,” ಎಂದೆ. ದನಿ ನನಗರಿವಿಲ್ಲದೆ ಏರಿತ್ತು. “ನೀರ ಕುಡೀಲಾರದ ನೀನೂ ನಾನೂ ಏನ್ ಗಳಿಸೀವಿ?”

ಕೂಸು ಬೆಚ್ಚಿ ಅತ್ತಿತು. ವೈನಿ ಅಡುಗೆಮನೆಯಿಂದ ಇಣುಕಿದರು. ಅವ್ವ ತಂಬಿಗೆ ತುಂಬಿ ಮೊಮ್ಮಗಳಿಗೆ ಕೊಟ್ಟಳು. ನಾನು ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದು ಮೆಲ್ಲಗೆ, “ಬುಧವಾರ ಬಾ. ಹೋಗೋಣ,” ಎಂದಳು. “ನಿಮ್ಮ ಅಣ್ಣಗ ನನ್ನ ಕಣ್ಣು ತೋರಸಾಕ ಹೊಂಟೀವಿ ಅಂತ ಹೇಳ್ತೀನಿ.”

ಬಸ್ಸಿನಲ್ಲಿ ಅಂದು ಮೊದಲ ಸಲ ಕಿಟಕಿಯ ಹೊರಗೆ ನೋಡಿದೆ. ತೊಗರಿ ಹೂ ಬಿಟ್ಟಿತ್ತು.

ಸೋಮವಾರ ಅಣ್ಣನ ಫೋನು ಬಂತು. ಅವ್ವನಿಗೆ ಚಳಿಜ್ವರ, ಸೂಜಿ ಮಾಡಿಸಿದ್ದೇವೆ, ಮಲೇರಿಯಾ ಇರಬೇಕು ಎಂದ. ನಾನು ಹೋಗುವಷ್ಟರಲ್ಲಿ ಅವಳಿಗೆ ದಿಕ್ಕು ತಪ್ಪಿತ್ತು, ನನ್ನನ್ನು ಅಜ್ಜಿಯ ಹೆಸರಿನಿಂದ ಕರೆದಳು. ಹುಮನಾಬಾದಿನ ಡಾಕ್ಟರು ಬೀದರಿಗೆ ಒಯ್ಯಿರಿ ಎಂದರು. ಬುಧವಾರ ಹೋಗಬೇಕಾದ ಆಸ್ಪತ್ರೆಗೇ ಸೋಮವಾರ ಹೋದೆವು, ಅಣ್ಣನ ಕಾರಿನಲ್ಲಿ. ಅವ್ವನ ತಲೆ ನನ್ನ ತೊಡೆಯ ಮೇಲೆ, ಕೆಳಗೆ ಅವಳ ಕೌದಿ.

ಡಾಕ್ಟರಮ್ಮ ಪರದೆಯ ಆಚೆಯಿಂದ ಹೊರಗೆ ಬಂದು ಕೈಗವಸು ತೆಗೆಯುತ್ತ ಅಣ್ಣನನ್ನು ಕೇಳಿದರು, “ಇದು ಇಂದು ನಿನ್ನೆಯದಲ್ಲ. ಎಷ್ಟು ವರ್ಷದಿಂದ ಹೀಗಿದೆ? ಮೂತ್ರ ಒಳಗೇ ನಿಂತು ಕಿಡ್ನಿಗೆ ಸೋಂಕು ಏರಿದೆ, ರಕ್ತಕ್ಕೂ ಸೇರಿದೆ.” ಅಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿದ. ನಾನು ಹೇಳಿದೆ, “ನನ್ನ ವಯಸ್ಸಿನಷ್ಟು.”

ಅವನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತ. “ನನಗ ಯಾಕ ಹೇಳಲಿಲ್ಲ ಅಕಿ?” ಎಂದ. ಎದುರಿಗೆ ನಗುವ ಕೂಸಿನ ಅದೇ ಚಿತ್ರ. ಕಿತ್ತ ಮೂಲೆಗೆ ಯಾರೋ ಈಗ ಟೇಪು ಅಂಟಿಸಿದ್ದರು.

ಮರುದಿನ ಮಧ್ಯಾಹ್ನ ಅವ್ವನಿಗೆ ಎಚ್ಚರ ಬಂತು. ನಳಿಗೆ ಹಾಕಿದ್ದರು, ಮೂತ್ರ ಮಂಚದ ಪಕ್ಕದ ಚೀಲಕ್ಕೆ ಹೋಗುತ್ತಿತ್ತು. ಜಾರಿದ್ದನ್ನು ಒಳಗೆ ಕೂರಿಸಿದ್ದರು. ಬಿಳಿ ಚಾದರಿನ ಮೇಲೆ ಅವ್ವ ಮಲಗಿದ್ದಳು. ಕೈಯಿಂದ ಕೆಳಗೆಲ್ಲ ತಡವಿ ನೋಡಿದಳು.

“ಕೌದಿ?”

“ಬೇಕಾಗಿಲ್ಲವ್ವ. ಒಣಗ್ಯಾದ ನೋಡು.”

ಮತ್ತೆ ತಡವಿದಳು. ಚಾದರವನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದಳು, ಅಂಗಡಿಯಲ್ಲಿ ಬಟ್ಟೆ ಪರೀಕ್ಷಿಸುವ ಹಾಗೆ. “ಹಗುರ ಅನಸ್ತದ,” ಎಂದಳು. ಆಮೇಲೆ, “ನೀರು ಕೊಡು.”

ನರ್ಸಮ್ಮನನ್ನು ಕೇಳಿದೆ, ಕುಡಿಯಲಿ ಕೊಡಿ ಎಂದರು. ಲೋಟ ಬಾಯಿಗೆ ಹಿಡಿದೆ. ಅವ್ವ ಅಭ್ಯಾಸದಂತೆ ಒಂದು ಗುಟುಕು ಕುಡಿದು ಲೋಟ ಸರಿಸಿದಳು. ಪಕ್ಕದ ಚೀಲ ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಲೋಟ ಎಳೆದುಕೊಂಡು ಪೂರ್ತಿ ಕುಡಿದಳು. ಇನ್ನೊಂದು ಕೇಳಿದಳು, ಅದನ್ನೂ ಕುಡಿದಳು. ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ಗಲ್ಲದ ಮೇಲೆ ಇಳಿದ ನೀರನ್ನು ಒರೆಸಲು ಹೋದೆ, ಬೇಡ ಎಂದು ಕೈ ಹಿಡಿದಳು.

“ಇಷ್ಟೇ ಇತ್ತೇನು, ಶೈಲಾ?” ಎಂದಳು.

ಸಂಜೆಯ ಹೊತ್ತಿಗೆ ಮತ್ತೆ ಜ್ವರ ಏರಿತು. ಬುಧವಾರ ಬೆಳಿಗ್ಗೆ ಅವ್ವ ಹೋದಳು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಗೋಡೆಗೆ ಆನಿಸಿ ಕೂರಿಸುತ್ತಾರೆ. ಅದೇ ಪಡಸಾಲೆ, ಅದೇ ಜಮಖಾನೆ. ಅಣ್ಣ ಮತ್ತು ನಮ್ಮ ಮನೆಯವರು ಎತ್ತಿಕೊಂಡು ಬರುತ್ತಿದ್ದಾಗ ವೈನಿ ಒಳಗಿನಿಂದ ಓಡಿಬಂದರು. ಕೈಯಲ್ಲಿ ಆ ಸಣ್ಣ ಕೌದಿ. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

“ಅತ್ತಿ ಇದಿಲ್ಲದ ಎಲ್ಲೂ ಕುಂತಿಲ್ರಿ. ಕೆಳಗ ಹಾಸ್ರಿ,” ಎಂದರು.

ಎಲ್ಲರೂ ಹೌದು ಹೌದು ಎಂದರು. ನಾನು ಹೋಗಿ ಅವರ ಕೈಯಿಂದ ಅದನ್ನು ತೆಗೆದುಕೊಂಡೆ.

“ಬ್ಯಾಡ ವೈನಿ. ಇವತ್ತ ಎಲ್ಲರ ಗತೆ ಕುಂದ್ರಲಿ.”

ಅವ್ವನನ್ನು ಜಮಖಾನೆಯ ನಟ್ಟನಡುವೆ ಕೂರಿಸಿದರು. ಬೆಳ್ಳಗಿನ ಹೊಸ ಸೀರೆ. ಸುತ್ತ ಹೆಂಗಸರು ಒತ್ತಿ ಕೂತರು. ಅವಳು ಕೂತಾಗ ಸದ್ದಾಗಲಿಲ್ಲ. ನಾನು ಕೌದಿಯನ್ನು ಎದೆಗೆ ಅವುಚಿಕೊಂಡೆ, ಆಗ ಅದು ಚರ್ ಎಂದಿತು. ಒಂದು ಕ್ಷಣ, ಅವ್ವ ಬಾಗಿಲ ಹತ್ತಿರ ಬಂದು ಕೂತಳು ಎಂದುಕೊಂಡು ತಿರುಗಿ ನೋಡಿದೆ.

ಕಾರ್ಯಗಳೆಲ್ಲ ಮುಗಿದು ಬಂದವರು ಹೋದ ಮೇಲೆ ನಾನೂ ವೈನಿಯೂ ಅವ್ವನ ಕೋಣೆ ಹಸನು ಮಾಡಲು ಕೂತೆವು. ಸೀರೆಗಳನ್ನು ಬೇರೆ ಬೇರೆ ಮಾಡುತ್ತಿದ್ದೆವು. ಅಣ್ಣ ವೈನಿಗೆ ಎಲ್ಲ ಹೇಳಿದ್ದ. ಕೈಗೆ ಕೌದಿ ಬಂದಾಗ ಅದನ್ನು ತೊಡೆಯ ಮೇಲಿಟ್ಟು, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಒಳಗಿನ ಪ್ಲಾಸ್ಟಿಕ್ ಸದ್ದು ಮಾಡುತ್ತಿತ್ತು.

“ಎಲ್ಲೆಲ್ಲಿ ಹೊಲಿಗಿ ಹಾಕ್ಯಾರ ನೋಡಾಕತ್ತೀನಿ,” ಎಂದರು ತಲೆ ಎತ್ತದೆ. “ನಾನೂ ಹಿಂಗೊಂದು ಹೊಲಕೋಬೇಕು ಅಂತ ಮಾಡಿದ್ದೆ.”

ನಾನು ಕೈಯಲ್ಲಿದ್ದ ಸೀರೆ ಕೆಳಗಿಟ್ಟೆ. ವೈನಿ ಕುಬಸದ ದಿನ ಒಡಪು ಹೇಳಿ ಎಲ್ಲರನ್ನೂ ನಗಿಸಿ ತಾವು ಮಾತ್ರ ನಕ್ಕಿರಲಿಲ್ಲ ಎಂದು ಆಗ ನೆನಪಾಯಿತು. ಅವರಿಗೆ ಪಲ್ಲವಿ ಹುಟ್ಟಿದಾಗಿನ ಬಾಣಂತನ ಮಾಡಿದ್ದೂ ಅವ್ವನೇ.

“ಬ್ಯಾಡ ವೈನಿ,” ಎಂದೆ. “ಬುಧವಾರ ನನ್ನ ಜೊತಿ ಬರ್ರಿ.”

ನಾನು ಎದ್ದು ಹೋಗಿ ತಂಬಿಗೆ ತುಂಬ ನೀರು ತಂದು ಮುಂದೆ ಇಟ್ಟೆ. ವೈನಿ ಮೊದಲು ಬಾಗಿಲ ಕಡೆ ನೋಡಿದರು. ಆಮೇಲೆ ಕೌದಿಯನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟು, ಎರಡೂ ಕೈಯಿಂದ ತಂಬಿಗೆ ಎತ್ತಿದರು.